ವಸ್ಲಿಯ ಮೇಲೆ ನಿಜಾಮರ ಕಿರುಭಾವಚಿತ್ರ ಬರೆಯುವ ಬಗೆ

ಆರನೇ ನಿಜಾಮ ಮಹಬೂಬ್ ಅಲಿ ಖಾನ್ (1869–1911) ಕಾಲದಲ್ಲಿ ಕಲಬುರಗಿ, ಬೀದರ ಎರಡೂ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬ್ರಿಟಿಷರ ಕಾಲದ ಅರಸರ ಕಿರುಚಿತ್ರಗಳಲ್ಲಿ ಮುಖಕ್ಕೆ ವಿಲಾಯತಿ ನೆರಳು-ಬೆಳಕು, ಒಡವೆಗೆ ನಮ್ಮ ಹಳೆಯ ಗೆರೆ, ಎರಡೂ ಕೂಡಿರುತ್ತವೆ. ಇವು ಅದಲುಬದಲಾದರೆ ಚಿತ್ರ ಕೆಟ್ಟಂತೆಯೇ. ಮಾದರಿಗೆ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ತೆಗೆದ ಫೋಟೊಗಳು ಒಳ್ಳೆಯವು.

ಆಗ ದಂತದ ಬಿಲ್ಲೆಯ ಮೇಲೂ ಬರೆಯುತ್ತಿದ್ದರು; ಈಗ ದಂತದ ವ್ಯಾಪಾರ ಅಪರಾಧ. ಅದರ ಬದಲು ವಸ್ಲಿ, ಅಂದರೆ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿದ ದಪ್ಪ ಕಾಗದ, ಮಾಡಿಕೊಳ್ಳಿ. 50 ಗ್ರಾಂ ಮೈದಾವನ್ನು 400 ಮಿ.ಲೀ. ನೀರಲ್ಲಿ ಕಾಸಿ, ಹುಳ ಹತ್ತದಂತೆ ಚಿಟಿಕೆ ಮೈಲುತುತ್ತ ಬೆರೆಸಿ, ಆ ಅಂಟಿನಿಂದ ಹತ್ತಿ ಕಾಗದದ 4 ಹಾಳೆ ಕೂಡಿಸಿ. ಮೈಲುತುತ್ತ ವಿಷ, ಆ ಪಾತ್ರೆಯಲ್ಲಿ ಮತ್ತೆ ಅಡುಗೆ ಬೇಡ. ನಮ್ಮ ಬಿಸಿಲಿಗೆ ಮೇಲಿನ ಹಾಳೆ ಮೊದಲು ಒಣಗಿ ವಸ್ಲಿ ಸೊಟ್ಟಗಾಗುತ್ತದೆ. ಬಟ್ಟೆ ಹಾಸಿ, ಎರಡು ಶಹಾಬಾದ್ ಕಲ್ಲುಗಳ ನಡುವೆ ನೆರಳಲ್ಲೇ ಒಣಗಿಸಿ. ಆಮೇಲೆ ಅಕೀಕ್ ಎಂಬ ನುಣುಪಾದ ಗಟ್ಟಿ ಕಲ್ಲಿನಿಂದ ಹೊಳಪು ಬರುವವರೆಗೆ ಉಜ್ಜಿ.

8 ಸೆಂ.ಮೀ. ಎತ್ತರದ ಅಂಡಾಕಾರದಲ್ಲಿ ಮುಖ 2.5 ಸೆಂ.ಮೀ. ಇದ್ದರೆ ಸಾಕು. ಬಣ್ಣದ ಪುಡಿಯನ್ನು ಅರಬಿ ಗೋಂದಿನ ನೀರಲ್ಲಿ ಅರೆದು, ಕಾಗದದ ತುಂಡಿಗೆ ಹಚ್ಚಿ ನೋಡಿ. ಒಣಗಿದ ಮೇಲೆ ಬೆರಳಿಗೆ ಹತ್ತಿದರೆ ಗೋಂದು ಕಡಿಮೆ. ಮಿಂಚಿ ಬಿರುಕು ಬಿಟ್ಟರೆ ಹೆಚ್ಚು. ಬೇಸಿಗೆಯಲ್ಲಿ ಒಂದು ಹನಿ ಜೇನು ಬೆರೆಸಿದರೆ ಬೇಗ ಗಟ್ಟಿಯಾಗದು. ಮಳೆಗಾಲದಲ್ಲಿ ಜೇನು ಬೇಡ, ಮೇಲ್ಮೈ ಜಿಗುಟಾಗುತ್ತದೆ.

ಹೆಚ್ಚು ಹೊತ್ತು ಬೇಡುವುದು ಮುಖ. ಬಿಳಿ, ಹಳದಿ ಮಣ್ಣು, ತುಸು ಕೆಮ್ಮಣ್ಣು ಕಲಸಿ ತೆಳುವಾಗಿ ತಳ ಹಚ್ಚಿ, ಪೂರ್ತಿ ಒಣಗಲು ಬಿಡಿ. ಹಸಿಯಿದ್ದಾಗ ಮುಟ್ಟಿದರೆ ತಳವೇ ಎದ್ದುಬರುತ್ತದೆ. 000 ಅಳತೆಯ ತೀರ ಸಣ್ಣ ಕುಂಚವನ್ನು ಬಟ್ಟೆಗೆ ಒರೆಸಿ, ಹೆಚ್ಚುಕಡಿಮೆ ಒಣ ತುದಿಯಿಂದ ಚುಕ್ಕೆ ಚುಕ್ಕೆಯಾಗಿ ನೆರಳು ಕಟ್ಟಿ: ಹುಬ್ಬಿನ ಕೆಳಗೆ, ಮೂಗಿನ ಬದಿಗೆ, ಮೀಸೆಯಡಿ, ದವಡೆಗೆ. ನೆರಳಿಗೆ ಕಪ್ಪು ಬೇಡವೇ ಬೇಡ, ಮುಖ ಮಸಿ ಹಿಡಿದಂತೆ ಕಾಣುತ್ತದೆ, ಕಂದು-ಕೆಂಪು ಬಳಸಿ. ಮೇಲಿನ ರೆಪ್ಪೆಯ ಗೆರೆ ದಪ್ಪ, ಕೆಳಗಿನದು ತೀರ ತೆಳು. ಎರಡೂ ಒಂದೇ ದಪ್ಪವಾದರೆ ಅರಸರು ಬೆಚ್ಚಿಬಿದ್ದಂತೆ ಕಾಣುತ್ತಾರೆ.

ಪೇಟ, ಅಂಗಿಗೆ ಗಟ್ಟಿ ಬಣ್ಣ, ಸ್ಪಷ್ಟ ಗೆರೆ; ಚುಕ್ಕೆ ಬೇಕಿಲ್ಲ. ಮುತ್ತಿಗೆ ದಪ್ಪ ಜಿಂಕ್ ಬಿಳಿಯ ಸಣ್ಣ ಹನಿಯನ್ನು ಇಳಿಬಿಡಿ, ಎಳೆಯಬೇಡಿ. ಒಣಗಿದ ಮೇಲೆ ಅದರ ಮೇಲೆಯೇ ಇನ್ನೊಂದು. ಒಮ್ಮೆಗೇ ದಪ್ಪ ಇಟ್ಟರೆ ಬಿರಿದು ಉದುರುತ್ತದೆ. ಕೆಳಗೆ ಬೂದು ಬಣ್ಣದ ಸಣ್ಣ ಕಮಾನು ಎಳೆದರೆ ಮುತ್ತು ದುಂಡಗಾಗುತ್ತದೆ. ಚಿನ್ನದ ವರಖನ್ನು (ತೀರ ತೆಳುವಾದ ಚಿನ್ನದ ಹಾಳೆ) ಗೋಂದಿನೊಂದಿಗೆ ಬೆರಳಿನಿಂದ ಅರೆದು, ನೀರಲ್ಲಿ ತೊಳೆದು, ತಳದಲ್ಲಿ ನಿಂತದ್ದನ್ನು ಹಳದಿ ಮಣ್ಣಿನ ತಳದ ಮೇಲೆ ಹಚ್ಚಿ. ಒಣಗಿದಾಗ ತೆಳು ಕಾಗದ ಹೊದಿಸಿ ಅಕೀಕಿನಿಂದ ಉಜ್ಜಿ. ಅಗ್ಗದ ಹಿತ್ತಾಳೆ ಪುಡಿ ಕೊಳ್ಳಬೇಡಿ, ಅದು ಬರಬರುತ್ತಾ ಕಪ್ಪಾಗುತ್ತದೆ. ಚೌಕಟ್ಟಿನ ಗಾಜು ಚಿತ್ರಕ್ಕೆ ತಾಗದಂತೆ ನಡುವೆ 2 ಮಿ.ಮೀ. ಜಾಗ ಬಿಡಿ, ತಾಗಿದರೆ ಮಳೆಗಾಲದಲ್ಲಿ ಬಣ್ಣ ಗಾಜಿಗೇ ಅಂಟುತ್ತದೆ.