ಚಾರ್ಮಾಡಿಯಲ್ಲಿ ಕುದಿದ ಬ್ರೇಕ್ ಆಯಿಲ್

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಧರ್ಮಸ್ಥಳದ ಕಡೆ ಇಳಿಯುತ್ತಿದ್ದೆವು. ಐದು ಜನ, ಡಿಕ್ಕಿ ತುಂಬ ಲಗೇಜು, ಮುಂದೊಂದು ಬಸ್ಸು. ಮೂರನೇ ಗೇರಿನಲ್ಲೇ ಇಟ್ಟುಕೊಂಡು, ಬ್ರೇಕ್ ಮೇಲಿಂದ ಕಾಲು ತೆಗೆಯದೆ ಚಾರ್ಮಾಡಿ ಇಳಿಸುತ್ತಿದ್ದೆ. ತಪ್ಪು ನನ್ನದೇ. ಅರ್ಧ ದಾರಿಗೆ ಸುಟ್ಟ ವಾಸನೆ. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಸ್ಪಂಜು ತುಳಿದ ಹಾಗೆ ಒಳಗೆ ಹೋಯಿತು. ಎರಡು ಮೂರು ಸಲ ಪಂಪ್ ಮಾಡಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಬದಿಗೆ ನಿಲ್ಲಿಸಿದೆ.

"ಏನಾಯ್ತು ರೀ?" ಅಂದಳು ಹೆಂಡತಿ. "ಏನಿಲ್ಲ, ವ್ಯೂ ಚೆನ್ನಾಗಿದೆ" ಅಂದೆ.

ಅರ್ಧ ಗಂಟೆ ಬಿಟ್ಟು ಒತ್ತಿದರೆ ಪೆಡಲ್ ಮೊದಲಿನಷ್ಟೇ ಗಟ್ಟಿ! ಊರಿಗೆ ಬಂದು ಗ್ಯಾರೇಜಿಗೆ ತೋರಿಸಿದರೆ "ಪ್ಯಾಡ್ ಚೆನ್ನಾಗಿದೆ ಸಾರ್, ಏನೂ ಪ್ರಾಬ್ಲಂ ಇಲ್ಲ" ಅಂದರು. ಮನೆಗೆ ಬಂದು ಬಾನೆಟ್ ಎತ್ತಿ ನೋಡಿದೆ. ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ನಾಲ್ಕು ವರ್ಷದಿಂದ ಬದಲಿಸಿರಲೇ ಇಲ್ಲ.

ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ. ಕುದ್ದರೆ ಆವಿಯ ಗುಳ್ಳೆ. ದ್ರವ ಅಮುಕಿದರೆ ಕುಗ್ಗುವುದಿಲ್ಲ, ಆದರೆ ಗುಳ್ಳೆ ಕುಗ್ಗುತ್ತದೆ. ಅದಕ್ಕೇ ಪೆಡಲ್ ಒಳಗೆ ಹೋಗುವುದು. ತಣ್ಣಗಾದರೆ ಗುಳ್ಳೆ ಮಾಯ, ಗ್ಯಾರೇಜಿನವರಿಗೆ ಸಾಕ್ಷಿಯೂ ಮಾಯ.

ಆಮೇಲೆ ಆಯಿಲ್ ಹುಡುಕಾಟ. ಮೊದಲು ಕಣ್ಣಿಗೆ ಬಿದ್ದದ್ದು ರೇಸಿಂಗ್ ಆಯಿಲ್, 300 ಡಿಗ್ರಿ ದಾಟಿದರೂ ಕುದಿಯಲ್ಲವಂತೆ. ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದು ಡ್ರೈ ನಂಬರ್, ಅಂದರೆ ಆಗ ತಾನೇ ಸೀಲ್ ಒಡೆದ ಆಯಿಲ್‌ನದು. ರೇಸಿನವರು ಆಗಾಗ ಬದಲಿಸುತ್ತಾರೆ, ನಾನು ಬದಲಿಸ್ತೀನಾ? ನನಗೆ ಬೇಕಿದ್ದದ್ದು ವೆಟ್ ನಂಬರ್, 3.7 ಶೇಕಡಾ ನೀರು ಸೇರಿದ ಮೇಲಿನದು. ಡಾಟ್ ಅಂದರೆ ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 3ಕ್ಕೆ ಅದು ಕನಿಷ್ಠ 140 ಡಿಗ್ರಿ, ಡಾಟ್ 4ಕ್ಕೆ 155, ಡಾಟ್ 5.1ಕ್ಕೆ 180. ಜೊತೆಗೆ 5.1 ತೆಳು, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿಗೆ ಒಳ್ಳೆಯದು. ನನ್ನ ಕಾರಿಗೆ ಕಂಪನಿ ಹೇಳಿದ್ದು ಡಾಟ್ 4. ಎರಡೂ ಗ್ಲೈಕಾಲ್ ಜಾತಿಯವೇ, ಹಾಗಾಗಿ 5.1 ಹಾಕಲು ತೊಂದರೆ ಇರಲಿಲ್ಲ. ಬರೀ ಡಾಟ್ 5 ಅಂತಿದ್ದರೆ ಮಾತ್ರ ಮುಟ್ಟಬೇಡಿ. ಅದು ಸಿಲಿಕೋನ್, ಇವುಗಳ ಜೊತೆ ಬೆರೆಯುವುದಿಲ್ಲ. ಹೆಸರಿಟ್ಟವರಿಗೆ ಬೇರೆ ನಂಬರ್ ಸಿಗಲಿಲ್ಲವೇನೋ!

ಭಾನುವಾರ ಭಾವಮೈದನನ್ನು ಸೀಟಿನಲ್ಲಿ ಕೂರಿಸಿದೆ. ನಾನು ಚಕ್ರದ ಹತ್ತಿರ, ಹಳೇ ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಸ್ಪ್ಯಾನರ್ ಹಿಡಿದು. "ಒತ್ತು... ಹಿಡ್ಕೋ..." ನಿಪ್ಪಲ್ ಸಡಿಲಿಸಿದರೆ ಕಂದು ಆಯಿಲ್ ಬುಳಕ್ಕನೆ ಬರುತ್ತಿತ್ತು. ನಿಪ್ಪಲ್ ಬಿಗಿ ಮಾಡಿದ ಮೇಲೇ "ಬಿಡು" ಅನ್ನಬೇಕು, ಇಲ್ಲದಿದ್ದರೆ ಗಾಳಿ ಒಳಗೆ. ಪೈಪಿನಲ್ಲಿ ತಿಳಿ ಜೇನಿನ ಬಣ್ಣ ಬರುವವರೆಗೂ ಇದೇ ಭಜನೆ, ನಾಲ್ಕೂ ಚಕ್ರಕ್ಕೆ. ನಡುನಡುವೆ ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿ ತುಂಬಿಸುತ್ತಿರಬೇಕು. ಆಗ ಫೆಂಡರ್ ಮೇಲೆ ಒಂದು ಹನಿ ಬಿದ್ದಿತ್ತು, ಗಮನಿಸಲಿಲ್ಲ. ಅಲ್ಲಿ ಪೇಂಟ್ ಎದ್ದು ಬಂತು. ಬಿದ್ದ ತಕ್ಷಣ ನೀರು ಸುರಿದಿದ್ದರೆ ಉಳಿಯುತ್ತಿತ್ತು.

ಮಿಕ್ಕ ಕಾಲು ಬಾಟಲಿಯನ್ನು ಭಾವಮೈದ ತನ್ನ ಕಾರಿಗೆ ಎತ್ತಿಡಲು ಹೊರಟ. "ಸೀಲ್ ಒಡೆದದ್ದು ಬೇಡಪ್ಪಾ, ತೇವ ಹೀರುತ್ತೆ" ಅಂದೆ. ಅವನಿಗೆ ಇನ್ನೂ ನಾನು ಜುಗ್ಗ ಅಂತಲೇ ಅನುಮಾನ.