ಗದ್ದೆ ಬಯಲಲ್ಲಿ ಬೆಳಗಿನವರೆಗೆ ಆಟ ನೋಡುವವರಿಗೆ

ಭತ್ತದ ಕೊಯ್ಲು ಮುಗಿದು ಗದ್ದೆ ಖಾಲಿಯಾಗುತ್ತಿದ್ದಂತೆ ಯಕ್ಷಗಾನ ಮೇಳಗಳು ಘಟ್ಟ ಹತ್ತುತ್ತವೆ. ಮಂದಾರ್ತಿ, ಕಮಲಶಿಲೆಯಂಥ ಕ್ಷೇತ್ರಗಳ ಮೇಳದವರು ತೀರ್ಥಹಳ್ಳಿ, ಹೊಸನಗರದ ಕಡೆ ಆಡುವುದು ಬಹುಪಾಲು ಹರಕೆಯಾಟ. ಅದಕ್ಕೆ ಟಿಕೆಟ್ ಇಲ್ಲ, ಕರೆಯೋಲೆ ಬೇಕಿಲ್ಲ. ಆಟ ಆಡಿಸುವ ಮನೆಯವರು ಸಾಮಾನ್ಯವಾಗಿ ರಾತ್ರಿಯ ಊಟವನ್ನೂ ಹಾಕುತ್ತಾರೆ. ಹೊರಡುವ ಮೊದಲು ವಿಚಾರಿಸಬೇಕಾದದ್ದು ಒಂದೇ: ಇಡೀ ರಾತ್ರಿಯ ಆಟವೋ, ಕಾಲಮಿತಿಯೋ? ಮೂರು ನಾಲ್ಕು ಗಂಟೆಯಲ್ಲಿ ಮುಗಿಯುವ ಕಾಲಮಿತಿಗೆ ಒಂದು ಸ್ವೆಟರ್ ಸಾಕು. ಇಲ್ಲಿ ಹೇಳುವುದು ಬೆಳಗಿನವರೆಗಿನ ಆಟದ ತಯಾರಿ.

ಮಧ್ಯಾಹ್ನ ಎರಡು ಗಂಟೆಯಾದರೂ ನಿದ್ದೆ ಮಾಡಿ. ಆಟದ ಗಟ್ಟಿ ಭಾಗ ಬರುವುದು ನಡುರಾತ್ರಿ ಕಳೆದ ಮೇಲೆ. ಸಂಜೆ ಚಂಡೆಯಲ್ಲಿ ‘ಕೇಳಿ’ ಎಂಬ ಕರೆಯ ಪೆಟ್ಟು ಬಾರಿಸಿ ಊರಿಗೆಲ್ಲ ತಿಳಿಸುತ್ತಾರೆ, ವೇಷ ಕಟ್ಟುವ ಬಿಡಾರವಾದ ಚೌಕಿಯಲ್ಲಿ ಗಣಪತಿ ಪೂಜೆಯಾಗುತ್ತದೆ, ಆಮೇಲೆ ಬಾಲಗೋಪಾಲ, ಸ್ತ್ರೀವೇಷಗಳ ಪೂರ್ವರಂಗ. ಪ್ರಸಂಗ ಶುರುವಾಗಿ ಒಡ್ಡೋಲಗಗಳು (ಪಾತ್ರಗಳ ಮೊದಲ ಪ್ರವೇಶದ ಕುಣಿತ) ಮುಗಿಯುವಷ್ಟರಲ್ಲಿ ಹನ್ನೆರಡು ಹತ್ತಿರ. ಅನುಭವಿ ವೇಷಧಾರಿಗಳ ದೊಡ್ಡ ಪಾತ್ರಗಳು, ಉದ್ದನೆಯ ಮಾತುಗಾರಿಕೆ, ರಾಕ್ಷಸ ಪಾತ್ರದ ಬಣ್ಣದ ವೇಷ ಎಲ್ಲ ಅದರ ನಂತರವೇ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚಿಟ್ಟಿ (ಮುಳ್ಳಿನಂಥ ಬಿಳಿ ಚುಕ್ಕೆ) ಇಡುವುದಕ್ಕೇ ಗಂಟೆಗಟ್ಟಲೆ ಹಿಡಿಯುವುದರಿಂದ ಆ ವೇಷ ಬೇಗ ಬರಲಾರದು. ಹನ್ನೆರಡಕ್ಕೆ ಎದ್ದು ಹೋದವರು ಆಟ ನೋಡಿದಂತಾಗಲಿಲ್ಲ. ಒಂದಿಷ್ಟು ಹೊತ್ತು ಮಲಗಲೇಬೇಕೆಂದರೆ ಪೂರ್ವರಂಗದ ಹೊತ್ತಿಗೆ ಮಲಗಿ, ಎಬ್ಬಿಸಲು ಪಕ್ಕದವರಿಗೆ ಹೇಳಿಡಿ.

ಕೂರುವ ಜಾಗ ಬೆಳಕಿರುವಾಗಲೇ ನೋಡಿಕೊಳ್ಳಬೇಕು. ರಂಗಸ್ಥಳದಿಂದ ಇಪ್ಪತ್ತರಿಂದ ನಲವತ್ತು ಅಡಿಯೊಳಗೆ, ನಟ್ಟನಡುವಿಗಿಂತ ತುಸು ಪಕ್ಕಕ್ಕೆ, ಚಂಡೆ ನಿಂತ ಬದಿಗೆ ಎದುರಾದ ಬದಿಯಲ್ಲಿ ಕೂತರೆ ಹಾಡುವ ಭಾಗವತರ ಪದದ ಅಕ್ಷರ ಅಕ್ಷರವೂ ಕಿವಿಗೆ ಬೀಳುತ್ತದೆ. ಸ್ಪೀಕರ್ ಪೆಟ್ಟಿಗೆಯ ನೇರಕ್ಕೆ ಕೂತವರಿಗೆ ಚಂಡೆಯ ಏರುಪೆಟ್ಟಿನಲ್ಲಿ ಪದವೇ ಮುಳುಗಿಹೋಗುತ್ತದೆ, ಬೆಳಗಾಗುವಾಗ ಕಿವಿ ಗುಂಯ್ ಎನ್ನುತ್ತಿರುತ್ತದೆ. ತೀರ ಹಿಂದೆ ಹೋದರೆ ಇನ್ನೊಂದು ತೊಂದರೆ: ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಅಂದರೆ ನೂರು ಅಡಿಗಿಂತ ಸ್ವಲ್ಪ ಆಚೆ ಕೂತವರಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ತಡ. ಕುಣಿತದ ಹೆಜ್ಜೆಗೂ ಪೆಟ್ಟಿಗೂ ತಾಳ ತಪ್ಪಿದ ಹಾಗೆ ಕಾಣುವುದು ಇದರಿಂದ. ಹೆಜ್ಜೆ ನೋಡುವ ಆಸೆ ಇದ್ದವರು ಮುಂದೆಯೇ ಕೂರಬೇಕು. (ಚಳಿಯ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುತ್ತದೆ, ಆಗ ಶಬ್ದ ಕೆಳಕ್ಕೆ ಬಾಗಿ ದೂರ ಸಾಗುತ್ತದೆ. ಗುಡ್ಡದಾಚೆಯ ಕೇರಿಗೂ ಚಂಡೆ ಕೇಳುವುದು ಹೀಗೆ.)

ನಡುವೆ ಜನ ಬಿಟ್ಟ ದಾರಿಯಲ್ಲಿ ಮಾತ್ರ ಚಾಪೆ ಹಾಸಬೇಡಿ. ಮಹಿಷಾಸುರನಂಥ ವೇಷ ಪ್ರೇಕ್ಷಕರ ಹಿಂದಿನಿಂದ ದೀವಟಿಗೆ ಹಿಡಿದು, ರಾಳ ಎರಚುತ್ತ ಬರುವುದುಂಟು. ಬೆಂಕಿ ಭುಗ್ಗೆಂದು ಏಳುವ ಆ ದಾರಿಯಿಂದ ಮಕ್ಕಳು, ನೈಲಾನ್ ಶಾಲು, ಒಣಹುಲ್ಲು ದೂರವಿರಲಿ.

ಕೊಯ್ದ ಗದ್ದೆಯಲ್ಲಿ ಕೂಳೆ ಚುಚ್ಚುತ್ತದೆ, ನೆಲದ ತಂಪು ಕೆಳಗಿನಿಂದ ಏರುತ್ತದೆ, ಇಬ್ಬನಿ ಮೇಲಿನಿಂದ ಇಳಿಯುತ್ತದೆ. ಚಾಪೆಯೊಂದನ್ನೇ ನಂಬಿದವರು ಮೂರು ಗಂಟೆಗೆ ನಡುಗುತ್ತಾರೆ. ಕೆಳಗೆ ಪ್ಲಾಸ್ಟಿಕ್ ಟಾರ್ಪಾಲು, ಅದರ ಮೇಲೆ ಚಾಪೆ, ಚಾಪೆಯ ಮೇಲೆ ಮಡಚಿದ ಕಂಬಳಿ. ಹೊದೆಯಲು ಬೇರೆಯೇ ಕಂಬಳಿ ಒಯ್ಯಿರಿ. ಇಬ್ಬನಿ ಮೊದಲು ಹಿಡಿಯುವುದು ತಲೆಯನ್ನು, ಹಾಗಾಗಿ ಕಿವಿ ಮುಚ್ಚುವ ಟೋಪಿ ಬೇಕೇಬೇಕು. ಉಣ್ಣೆಯ ಕಾಲುಚೀಲ ಎರಡು ಜೊತೆ ಇಟ್ಟುಕೊಂಡು, ಒದ್ದೆಯಾದದ್ದನ್ನು ನಡುರಾತ್ರಿಯಲ್ಲಿ ಬದಲಿಸಿ. ಬಿಡಿ ಕುರ್ಚಿ ತರುವವರು ಹಿಂದಿನ ಸಾಲಿಗೆ ಹೋಗಬೇಕು, ಇಲ್ಲವಾದರೆ ನೆಲದಲ್ಲಿ ಕೂತವರಿಗೆ ಕಾಣುವುದಿಲ್ಲ.

ಇನ್ನೊಂದನ್ನು ಒತ್ತಿ ಹೇಳಬೇಕು. ಆಟದ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ, ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ ತನಕ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಉಣುಗು ಎಂಬ ರಕ್ತ ಹೀರುವ ಹುಳ ಕಚ್ಚಿದರೆ ಬರುತ್ತದೆ. ಆಗ ಓಡಾಡುವ ಮರಿ ಉಣುಗು ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ಅದಕ್ಕಾಗಿ ಕಾಡಿನಂಚಿನ ತರಗೆಲೆಯ ಮೇಲೆ ಕೂರಬೇಡಿ, ಬಯಲಿನ ನಡುವೆ ಕೂರಿ. ಮೂತ್ರಕ್ಕೆಂದು ಪೊದೆ ನುಗ್ಗಬೇಡಿ. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪು ಹಾಕಿ ಸ್ನಾನ, ಬಟ್ಟೆಯೆಲ್ಲ ಒಗೆತಕ್ಕೆ, ಕಂಬಳಿ ಬಿಸಿಲಿಗೆ. ಕಚ್ಚಿದ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಬೆರಳಲ್ಲಿ ಹಿಸುಕಬೇಡಿ. ಮುಂದಿನ ಹತ್ತು ದಿನದೊಳಗೆ ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಆಸ್ಪತ್ರೆಗೆ ಹೋಗಿ, ಬಯಲಲ್ಲಿ ರಾತ್ರಿ ಕಳೆದದ್ದನ್ನು ಡಾಕ್ಟರಿಗೆ ತಿಳಿಸಿ.

ಚೌಕಿಗೆ ಹೋಗಿ ವೇಷ ಕಟ್ಟುವುದನ್ನು ನೋಡಬಹುದು, ಅದೂ ಒಂದು ಭಾಗ್ಯ. ಚಪ್ಪಲಿ ಹೊರಗಿರಲಿ, ಒಳಗೆ ದೇವರಿದೆ. ಕಿರೀಟ, ಗೆಜ್ಜೆ ಮುಟ್ಟಬೇಡಿ, ಕೇಳದೆ ಫೋಟೊ ತೆಗೆಯಬೇಡಿ. ಆರತಿ ತಟ್ಟೆಗೆ ಕೈಲಾದಷ್ಟು ಹಾಕಿ. ರಂಗದತ್ತ ಮೊಬೈಲ್ ಫ್ಲಾಶ್ ಬೇಡವೇ ಬೇಡ; ಕಣ್ಣಿಗೆ ಬೆಳಕು ಹೊಡೆದರೆ ಗಿರಕಿ ಹೊಡೆಯುವ ವೇಷಧಾರಿ ಆಯ ತಪ್ಪುತ್ತಾನೆ.

ಊಟ ಅರ್ಧ ಹೊಟ್ಟೆ ಸಾಕು. ಚಹಾ ಹನ್ನೊಂದಕ್ಕೊಂದು, ಎರಡೂವರೆಗೊಂದು. ಗಂಟೆಗೊಂದು ಕುಡಿದರೆ ಹೊಟ್ಟೆ ಉರಿಯುತ್ತದೆ, ಮಾತುಗಾರಿಕೆಯ ನಡುವೆ ಏಳಬೇಕಾಗುತ್ತದೆ. ಕಥೆ ಗೊತ್ತಿಲ್ಲದಿದ್ದರೆ ಪ್ರಸಂಗದ ಹೆಸರು ಮೊದಲೇ ತಿಳಿದುಕೊಂಡು ಹಿರಿಯರ ಹತ್ತಿರ ಹತ್ತು ನಿಮಿಷ ಕೇಳಿಸಿಕೊಳ್ಳಿ. ಪದದಲ್ಲಿ ಬಂದ ವಿಷಯವನ್ನೇ ವೇಷಧಾರಿ ಮಾತಿನಲ್ಲಿ ಬಿಡಿಸುತ್ತಾನೆ, ಪದ ತಪ್ಪಿದರೂ ಅರ್ಥದಲ್ಲಿ ಹಿಡಿಯಬಹುದು.

ಮಂಗಳ ಹಾಡಿದ ಮೇಲೆ ಕೂಡಲೇ ಗಾಡಿ ಹತ್ತಬೇಡಿ. ನಿದ್ದೆಗಣ್ಣು, ದಟ್ಟ ಮಂಜು, ರಸ್ತೆ ದಾಟುವ ಕಾಟಿ (ಕಾಡುಕೋಣ) ಮೂರೂ ಒಟ್ಟಿಗೆ ಸೇರುವ ಹೊತ್ತದು. ಆಗುಂಬೆ ಘಾಟಿ ಇಳಿಯುವವರಂತೂ ಅರ್ಧ ಗಂಟೆ ಕಣ್ಣು ಮುಚ್ಚಿ, ಮುಖ ತೊಳೆದು, ಮಂಜು ಸರಿದ ಮೇಲೆ ಹೊರಡಿ. ಬಸ್ಸಿಗೆ ಹೋಗುವವರು ಮೊದಲ ಬಸ್ಸಿನ ಹೊತ್ತನ್ನು ಹಿಂದಿನ ಸಂಜೆಯೇ ಕೇಳಿಟ್ಟುಕೊಂಡಿರಿ. ಬಯಲಲ್ಲಿ ನೆಟ್‌ವರ್ಕ್ ಸಿಗದಿರಬಹುದು.