ಕೆಳಗಿನ ಕೋಣೆಯ ಜೇಡಗಳು: ನನ್ನ ಅನುಭವ

ಅತ್ತೆಯ ಕುತ್ತಿಗೆಯಲ್ಲಿ ಬೊಕ್ಕೆ ಎದ್ದದ್ದು ನಾಲ್ಕು ವರ್ಷದ ಹಿಂದೆ, ಮಳೆಗಾಲ ಹಿಡಿದ ಹೊಸತರಲ್ಲಿ. ರಾತ್ರಿ ಮಲಗುವಾಗ ಏನೂ ಇರಲಿಲ್ಲ. ಮರುದಿನ ಸಂಜೆಗೆ ಕೆಂಪು ಗೆರೆ ಒಂದು ಮೂಡಿತು. ಅದರ ಮರುದಿನ ಆ ಗೆರೆಯ ಉದ್ದಕ್ಕೂ ಸಣ್ಣ ಸಣ್ಣ ನೀರುಗುಳ್ಳೆ. ಉರಿ ಅಂದರೆ ಉರಿ. ನೆರೆಮನೆಯವರು ನೋಡಿದ ಕೂಡಲೇ "ಜೇಡ ಹರಿದದ್ದು" ಅಂದರು. ತೋಟದ ಕೆಲಸಕ್ಕೆ ಬರುವವರು "ಎಟ್ಟುಕಾಲಿಯೇ, ಸಂಶಯ ಬೇಡ" ಅಂದರು. ಎಟ್ಟುಕಾಲಿ ಅಂದರೆ ಮಲಯಾಳದಲ್ಲಿ ಜೇಡ. ಅತ್ತೆ ಆ ಎರಡು ದಿನ ರಾತ್ರಿ ಕೆಳಗಿನ ಕೋಣೆಯಲ್ಲಿ ಕೂತು ಅಡಿಕೆ ಆಯುತ್ತಿದ್ದರು. ಅಲ್ಲಿ ಜೇಡರಬಲೆ ತುಂಬಿದ್ದು ಎಲ್ಲರಿಗೂ ಗೊತ್ತಿತ್ತು. ಸರಿ, ತಪ್ಪು ಜೇಡದ್ದೇ ಅಂತ ತೀರ್ಮಾನ ಆಯಿತು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೆರ್ಲದ ನಡುವೆ, ಗುಡ್ಡದ ಇಳಿಜಾರಿನಲ್ಲಿದೆ. ಎದುರಿನಿಂದ ನೋಡಿದರೆ ಒಂದೇ ಅಂತಸ್ತು. ಹಿಂದೆ ತೋಟದ ಕಡೆ ಇಳಿದರೆ ಅಡಿಯಲ್ಲಿ ಇನ್ನೊಂದು ಕೋಣೆ ಕಾಣುತ್ತದೆ. ನೆಲಮಾಳಿಗೆ ಅನ್ನುವುದು ಪುಸ್ತಕದ ಮಾತು, ನಮಗೆ ಅದು ಕೆಳಗಿನ ಕೋಣೆ. ಗೋಡೆಗೆ ಮುರಕಲ್ಲು, ಹಿಂಬದಿ ಗುಡ್ಡಕ್ಕೇ ಒತ್ತಿಕೊಂಡಿದೆ. ಸಾರಣೆ ಮಾಡದ ಮುರಕಲ್ಲು ಅಂದರೆ ತೂತೇ ತೂತು. ಅಡಿಕೆ ಗೋಣಿ, ತೆಂಗಿನಕಾಯಿ, ಹಳೆ ಹಾಳೆ, ಸೌದೆ ಎಲ್ಲವೂ ಅಲ್ಲೇ. ಜೇಡಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ನಾನು ಮಾಡಿದ ಮೊದಲ ಕೆಲಸ ತಪ್ಪು ಕೆಲಸ. ಪೇಟೆಯಿಂದ ಜಿರಳೆ ಸ್ಪ್ರೇ ತಂದು ಮೂಲೆ ಮೂಲೆಗೂ ಹೊಡೆದೆ. ಜಿರಳೆ ಸತ್ತವು, ಒಂದಷ್ಟು ಜೇಡವೂ ಉದುರಿದವು. ವಾಸನೆ ವಾರವಿಡೀ ಹೋಗಲಿಲ್ಲ. ತಿಂಗಳು ತುಂಬುವ ಮೊದಲೇ ಬಲೆ ಮತ್ತೆ ಹಾಗೆಯೇ ಕಟ್ಟಿತ್ತು. ಕಾರಣ ಆಮೇಲೆ ಗೊತ್ತಾಯಿತು. ಬಲೆಯ ಜೇಡ ಗೋಡೆಗೆ ಮೈ ತಾಗಿಸುವುದೇ ಇಲ್ಲ, ನೂಲಿನಲ್ಲಿ ನೇತಾಡಿಕೊಂಡೇ ಇರುತ್ತದೆ. ಗೋಡೆಗೆ ಹೊಡೆದ ಮದ್ದು ಅದಕ್ಕೆ ತಾಗಬೇಕಲ್ವಾ? ಮೊಟ್ಟೆಯೂ ನೂಲಿನ ಚೀಲದೊಳಗೆ ಭದ್ರ. ಸ್ಪ್ರೇ ಹಿಡಿದ ನನ್ನನ್ನು ನೋಡಿ ಮಾವ "ತಿನ್ನುವ ಅಡಿಕೆ ಇರುವ ಕೋಣೆಗೆ ಮದ್ದು ಬಿಡುವುದಾ?" ಅಂತ ಕೇಳಿದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಇಲ್ಲಿಗೆ ಹತ್ತಿರದ ಎಣ್ಮಕಜೆಯ ಕಡೆ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಕಂಡವರು ಅವರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಆದರೆ ಹಾಸಿಗೆಯಲ್ಲೇ ಬೆಳೆದ ಮಕ್ಕಳನ್ನು ನೋಡಿದ ಊರು ಮದ್ದಿನ ಡಬ್ಬವನ್ನು ಹಗುರವಾಗಿ ನೋಡುವುದಿಲ್ಲ. ಆ ಡಬ್ಬ ನಾನು ಮತ್ತೆ ಮುಟ್ಟಲಿಲ್ಲ.

ಅತ್ತೆಯನ್ನು ಚರ್ಮದ ಡಾಕ್ಟರರಿಗೆ ತೋರಿಸಿದೆವು. ಅವರು ಗುಳ್ಳೆ ನೋಡಿ, "ರಾತ್ರಿ ಲೈಟಿನ ಕೆಳಗೆ ಕೂತಿದ್ದಿರಾ?" ಅಂತಲೇ ಶುರು ಮಾಡಿದರು. ಇದು ಜೇಡ ಅಲ್ಲವಂತೆ. ಇರುವೆಯ ಹಾಗೆ ಕಾಣುವ ಒಂದು ಸಣ್ಣ ಹುಳ, ಪೀಡೆರಸ್ ಅಂತ ಅದರ ಹೆಸರು. ಉದ್ದ ಸೆಂಟಿಮೀಟರಿಗೂ ಕಡಿಮೆ. ಮೈ ಕಿತ್ತಳೆ, ತಲೆ ಮತ್ತು ಬಾಲದ ತುದಿ ಕಪ್ಪು. ಮಳೆಗಾಲದಲ್ಲಿ ಬೆಳಕಿಗೆ ಬರುತ್ತದೆ. ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ಕುತ್ತಿಗೆಯಲ್ಲಿ ಏನೋ ಹರಿದಂತೆ ಆಗಿ ನಾವೇ ಉಜ್ಜಿಬಿಟ್ಟರೆ, ಅದರ ರಸ ತಾಗಿದಷ್ಟು ಉದ್ದಕ್ಕೆ ಚರ್ಮ ಸುಡುತ್ತದೆ. ಗುಳ್ಳೆ ಏಳುವುದು ಒಂದೆರಡು ದಿನ ಬಿಟ್ಟು. ಹಾಗಾಗಿಯೇ ಯಾರಿಗೂ ಹುಳದ ನೆನಪಿರುವುದಿಲ್ಲ, ಗೋಡೆಯ ಮೇಲಿನ ಜೇಡ ಸಿಕ್ಕಿಬೀಳುತ್ತದೆ. ಮೈಮೇಲೆ ಕಂಡರೆ ಉಜ್ಜದೆ ಊದಿಬಿಡಬೇಕು, ಆ ಜಾಗವನ್ನು ಕೂಡಲೇ ಸಾಬೂನು ಹಾಕಿ ತೊಳೆಯಬೇಕು. ಆ ದಿನ ಮನೆಗೆ ಬಂದು ಟ್ಯೂಬ್‌ಲೈಟಿನ ಕೆಳಗಿನ ಗೋಡೆ ನೋಡಿದೆ. ಒಂದಲ್ಲ, ಐದಾರು ಹುಳ ಓಡಾಡುತ್ತಿದ್ದವು. ಜೇಡನ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದು ಅಲ್ಲಿಂದ.

ಟಾರ್ಚ್ ಹಿಡಿದು ಸುಮ್ನೆ ನೋಡುತ್ತಾ ಹೋದೆ. ನಮ್ಮ ಕೋಣೆಯಲ್ಲಿ ಮುಖ್ಯವಾಗಿ ಇದ್ದದ್ದು ಮೂರು ಬಗೆ.

ಮೂಲೆಯಲ್ಲಿ ಸಿಕ್ಕುಸಿಕ್ಕಾದ ಬಲೆ ಕಟ್ಟಿ, ತಲೆಕೆಳಗಾಗಿ ನೇತಾಡುವ ಉದ್ದ ಕಾಲಿನದ್ದು ಎಲ್ಲಕ್ಕಿಂತ ಜಾಸ್ತಿ. ಕಾಲು ಕೂದಲಿನಷ್ಟು ಸಪುರ. ಕಡ್ಡಿಯಿಂದ ಮುಟ್ಟಿದರೆ ಇಡೀ ಮೈಯನ್ನು ಗರಗರ ತಿರುಗಿಸಿ ಅಲ್ಲಾಡುತ್ತದೆ, ಕಣ್ಣಿಗೆ ಮಂಜು ಕಟ್ಟಿದ ಹಾಗೆ ಕಾಣುತ್ತದೆ. ಹೆಣ್ಣು ಮೊಟ್ಟೆಯ ಗೊಂಚಲನ್ನು ಬಾಯಿಯಲ್ಲೇ ಕಚ್ಚಿಕೊಂಡು ಇರುತ್ತದೆ. ಮನುಷ್ಯರಿಗೆ ಇದರಿಂದ ಏನೂ ಇಲ್ಲ. ನಾನು ಅದರ ಬಲೆಯ ಅಡಿಯಲ್ಲಿ ಹಳೆ ಪೇಪರ್ ಹಾಸಿ ಒಂದು ವಾರ ಬಿಟ್ಟೆ. ಬಿದ್ದದ್ದರಲ್ಲಿ ಸೊಳ್ಳೆಯ ರೆಕ್ಕೆ ಕಾಲು, ಇರುವೆಯ ತಲೆ, ಜೊತೆಗೆ ಬೇರೆ ಜೇಡದ ಒಣ ಕಾಲುಗಳೂ ಇದ್ದವು.

ಎರಡನೆಯದು ಎಲ್ಲರೂ ಕಿರುಚಿಕೊಳ್ಳುವ ಜಾತಿ. ಅಂಗೈ ಅಗಲ, ಕಂದು ಬಣ್ಣ, ಚಪ್ಪಟೆ ಮೈ, ಏಡಿಯ ಹಾಗೆ ಪಕ್ಕಕ್ಕೆ ಚಾಚಿದ ಕಾಲು. ಬಲೆ ಕಟ್ಟುವುದಿಲ್ಲ. ಹಗಲಿಡೀ ಗೋಣಿಯ ಹಿಂದೆ ಅಡಗಿ, ರಾತ್ರಿ ಜಿರಳೆ ಬೇಟೆಗೆ ಹೊರಡುತ್ತದೆ. ಒಮ್ಮೆ ಗೋಣಿ ಎತ್ತಿದಾಗ ಒಂದು ಹೆಣ್ಣು ಅಲ್ಲೇ ಕೂತಿತ್ತು. ಹೊಟ್ಟೆಯ ಅಡಿಯಲ್ಲಿ ಬಿಳಿ ಬಿಲ್ಲೆ, ಹತ್ತು ರೂಪಾಯಿ ನಾಣ್ಯದ ಹಾಗೆ. ಅದು ಮೊಟ್ಟೆಯ ಚೀಲ. ನಾನು ಬೆಳಕು ಬಿಟ್ಟರೂ ಓಡಲಿಲ್ಲ, ಚೀಲವನ್ನು ಇನ್ನಷ್ಟು ಒತ್ತಿ ಹಿಡಿಯಿತು. ಗೋಣಿಯನ್ನು ಮೆಲ್ಲ ಇಳಿಸಿ ಬಂದೆ. ಕೈಯಲ್ಲಿ ಹಿಡಿದು ಅಮುಕಿದರೆ ಮಾತ್ರ ಕಚ್ಚುತ್ತದೆ. ನೋವು ಬರುತ್ತದೆ, ಜೀವಕ್ಕೆ ಅಪಾಯ ಇಲ್ಲ.

ಮೂರನೆಯದು ಕಿಟಕಿ ಹತ್ತಿರ ಹಗಲು ಹೊತ್ತು ನೆಗೆಯುವ ಪುಟ್ಟ ಜೇಡ. ಮುಖಕ್ಕೆ ಎರಡು ದೊಡ್ಡ ಕಣ್ಣು. ಬೆರಳು ಅಲ್ಲಾಡಿಸಿದರೆ ನಮ್ಮ ಕಡೆಗೇ ತಿರುಗಿ ನೋಡುತ್ತದೆ. ಅದು ನೊಣ ಹಿಡಿಯುತ್ತದೆ, ಅದರ ಪಾಡಿಗೆ ಇರಲಿ.

ಎಚ್ಚರ ಬೇಕಾದದ್ದು ಮನೆಯ ಹೊರಗೆ. ತೋಟದ ದರೆಯ ಬಿಲದಲ್ಲೂ ಹಳೆ ಮರದ ಪೊಟರೆಯಲ್ಲೂ ಮೈಯೆಲ್ಲ ರೋಮ ಇರುವ ದಪ್ಪ ಜೇಡ ಇರುತ್ತದೆ. ಕಚ್ಚಿದರೆ ಜೋರು ನೋವು, ಕೆಲವರಿಗೆ ಸ್ನಾಯು ಸೆಳೆತವೂ ಬರುತ್ತದೆ. ಬಿಲಕ್ಕೆ ಕೈ ಹಾಕಬಾರದು, ಮಕ್ಕಳನ್ನೂ ಬಿಡಬಾರದು. ಯಾವ ಜೇಡ ಕಚ್ಚಿದರೂ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ನೋವು ಏರುತ್ತಾ ಹೋದರೆ, ಬೆವರು, ವಾಂತಿ, ಉಸಿರು ಕಟ್ಟುವುದು ಕಂಡರೆ ಕಾಯದೆ ಆಸ್ಪತ್ರೆಗೆ ಹೊರಡಿ.

ಇಷ್ಟು ಗೊತ್ತಾದ ಮೇಲೆ ಕೆಲಸ ಸುಲಭ ಆಯಿತು. ಜೇಡ ಇದೆ ಅಂದರೆ ಅದಕ್ಕೆ ಊಟ ಇದೆ ಅಂತ. ಊಟ ಎಲ್ಲಿಂದ ಬರುತ್ತದೆ ಅಂತ ಹುಡುಕಿದೆ. ಎರಡು ವರ್ಷದಿಂದ ರೇಟಿಗೆ ಕಾದು ಇಟ್ಟಿದ್ದ ಹಳೆ ಅಡಿಕೆಯ ಗೋಣಿಗಳಲ್ಲಿ ಹುಳ ಕುಟ್ಟಿತ್ತು. ಗೋಣಿ ಅಲ್ಲಾಡಿಸಿದರೆ ಹಿಟ್ಟು ಉದುರುತ್ತಿತ್ತು, ಸಣ್ಣ ಕಂದು ಹುಳ ಹೊರಗೆ ಹರಿಯುತ್ತಿದ್ದವು. ಬಲೆ ದಟ್ಟವಾಗಿದ್ದದ್ದೂ ಸರಿಯಾಗಿ ಆ ಗೋಣಿಗಳ ಮೇಲೆಯೇ. ಕೆಟ್ಟದ್ದನ್ನು ಬೇರೆ ಮಾಡಿ, ಉಳಿದದ್ದನ್ನು ಬಿಸಿಲು ಬಂದಾಗ ಅಂಗಳದಲ್ಲಿ ಚೆನ್ನಾಗಿ ಒಣಗಿಸಿ ಹೊಸ ಗೋಣಿಗೆ ತುಂಬಿದೆವು.

ಬಾಗಿಲ ಮೇಲೆ ರಾತ್ರಿಯಿಡೀ ಉರಿಯುತ್ತಿದ್ದ ಬಿಳಿ ಟ್ಯೂಬ್‌ಲೈಟ್ ತೆಗೆಸಿದೆ. ಹಳದಿ ಬಲ್ಬು ಹಾಕಿ, ಕೆಲಸ ಮುಗಿದ ಕೂಡಲೇ ಆರಿಸುವ ಅಭ್ಯಾಸ ಮಾಡಿಕೊಂಡೆವು. ಕಿಟಕಿಗೆ ಸೊಳ್ಳೆ ಬಲೆ ಹೊಡೆಸಿದೆ. ಖರ್ಚು ಕಡಿಮೆ, ಗುಣ ಕಂಡದ್ದು ಇದರಿಂದಲೇ ಜಾಸ್ತಿ. ಪೀಡೆರಸ್ ಹುಳವೂ ಒಳಗೆ ಬರುವುದು ಬಹುತೇಕ ನಿಂತಿತು.

ತೇವ ಕಡಿಮೆ ಮಾಡಲು ಹಿಂದಿನ ಗುಡ್ಡದ ನೀರು ಗೋಡೆಗೆ ಬಾರದ ಹಾಗೆ ಕಣಿ ಕಡಿಸಿದೆವು. ಅಡಿಕೆ ಮರದ ಸಲಾಕೆಯ ತಟ್ಟಿ ಮಾಡಿ ಗೋಣಿಗಳನ್ನು ಅದರ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಇಟ್ಟೆವು. ಹಿಂದೆ ಹಿಡಿಸೂಡಿ ಆಡಿಸಲು ಅಷ್ಟು ಜಾಗ ಬೇಕೇ ಬೇಕು. ಸೌದೆಯನ್ನು ಹೊರಗಿನ ಶೆಡ್ಡಿಗೆ ಸಾಗಿಸಿದೆವು. ಗೋಡೆಯ ದೊಡ್ಡ ತೂತುಗಳಿಗೆ ಸಿಮೆಂಟ್ ಹಾಕಿ ಸುಣ್ಣ ಬಳಿದೆವು. ಬಿಳಿ ಗೋಡೆಯಲ್ಲಿ ಏನು ಹರಿದರೂ ಕಾಣುತ್ತದೆ.

ಬಲೆಯನ್ನು ಹದಿನೈದು ದಿನಕ್ಕೊಮ್ಮೆ ತೆಗೆಯುತ್ತೇನೆ. ಉದ್ದ ಕೋಲಿಗೆ ಹಳೆ ಬಟ್ಟೆ ಕಟ್ಟಿ, ಸ್ವಲ್ಪ ಒದ್ದೆ ಮಾಡಿ ಬಲೆಯನ್ನು ಸುತ್ತಿಕೊಳ್ಳಬೇಕು. ಸುಮ್ನೆ ಗುಡಿಸಿದರೆ ಮೊಟ್ಟೆಯ ಚೀಲ ನೆಲಕ್ಕೆ ಬಿದ್ದು ಅಲ್ಲೇ ಒಡೆಯುತ್ತದೆ. ದೂಳು ಹಿಡಿದು ಜೋತುಬಿದ್ದ ಬಲೆ ಖಾಲಿ ಬಲೆ, ಅದನ್ನು ಪೂರ್ತಿ ತೆಗೆಯುತ್ತೇನೆ. ಮೇಲಿನ ಮೂಲೆಯ ನಾಲ್ಕೈದು ಜೀವಂತ ಬಲೆಯನ್ನು ಬೇಕೆಂದೇ ಬಿಡುತ್ತೇನೆ. ದೊಡ್ಡ ಜೇಡ ಮೇಲಿನ ಮನೆಗೆ ಬಂದರೆ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬ ಕವುಚಿ, ಅಡಿಗೆ ಹಳೆ ಕ್ಯಾಲೆಂಡರಿನ ರಟ್ಟು ತೂರಿಸಿ, ಸೌದೆ ಶೆಡ್ಡಿಗೆ ಬಿಟ್ಟು ಬರುತ್ತೇನೆ. ಹೆದರಿಕೆ ಹೋಗಲು ನನಗೆ ಮೂರು ಸಲ ಬೇಕಾಯಿತು.

ಅತ್ತೆಯ ಕುತ್ತಿಗೆಯ ಕಲೆ ಆರು ತಿಂಗಳಿಗೆ ಮಾಸಿತು. ಮೊನ್ನೆ ಅವರು ಕೆಳಗಿನಿಂದ ಕೂಗಿ, "ಇಲ್ಲಿ ಬಾ, ಮೂರನೇ ಗೋಣಿಯ ಹಿಂದಿನವಳು ಬಿಲ್ಲೆ ಹಿಡಿದುಕೊಂಡು ಕೂತಿದ್ದಾಳೆ, ಇವತ್ತು ಗೋಣಿ ಎತ್ತುವುದು ಬೇಡ" ಅಂದರು. ಬೇರೆ ಗೋಣಿ ಬಿಚ್ಚಿದೆವು.